ನಲವತ್ತೆರಡನೆಯ ನಡೆ

ಹುನಗುಂದದ ಗುರುಲಿಂಗವ್ವ ಅಕ್ಕೋರಿಂದ ಕೇಳಿದ ದಿನವೇ ಉತ್ತರ ಪಡೆದ ಪುಣ್ಯಾತ್ಮರು ನಮ್ಮ ಓಣಿಯಲ್ಲಿ ಯಾರೂ ಇಲ್ಲ. ಚಹಾ ಕುಡೀತೀರೇನ್ರಿ ಎಂದರೂ "ನೋಡಿ ಹೇಳ್ತೇನಿ", ತಮ್ಮ ಅಕ್ಕನ ಮಗಳು ಪದ್ಮಶ್ರೀಗೆ ಬಂದ ವರ ಹೇಗೆ ಎಂದರೂ "ನೋಡಿ ಹೇಳ್ತೇನಿ". ಆ ವರನ ವಿಷಯವನ್ನಂತೂ, ಎರಡು ಮನೆಯಾಚೆ ಇರುವ ಅಕ್ಕನಿಗೆ ವಾರದ ಮೇಲೆ ಅಂಚೆ ಕಾರ್ಡಿನಲ್ಲಿ ತಿಳಿಸಿದ ಮಹಾತಾಯಿ ಅವರು: "ಆತಗ ಸಿಟ್ಟು ಭಾಳ. ಬ್ಯಾಡ." ಸಾಲಿಯಲ್ಲಿ ಗಣಿತ ಕಲಿಸುತ್ತಲೇ ಮೂವತ್ತು ವರ್ಷ ಅಂಚೆಯ ಮೂಲಕ ಚದುರಂಗ ಆಡಿದ ಫಲವಿದು. ಒಂದು ನಡೆಗೆ ಒಂದು ಕಾರ್ಡು. ಎದುರಾಳಿಯ ಕಾರ್ಡು ಬರುವತನಕ ಅಖಂಡ ಚಿಂತನೆ. ನಡಿಗೆಯೂ ಹಾಗೆಯೇ. ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಾಲ್ಕು ಹೆಜ್ಜೆ ಹೋಗಿ, ನಡುಬೀದಿಯಲ್ಲಿ ನಿಂತು ಏನನ್ನೋ ಲೆಕ್ಕ ಹಾಕಿ, ಮತ್ತೆ ನಾಲ್ಕು ಹೆಜ್ಜೆ. ಟಂಟಂ ಗಾಡಿಯವನೇ ಬಳಸಿಕೊಂಡು ಹೋಗಬೇಕು.

ಅವರ ಬಾಳಿನ ಮಹಾವಿಜಯವೆಂದರೆ ಹನ್ನೊಂದು ವರ್ಷದ ಹಿಂದೆ, ಪಂದ್ಯಾವಳಿಯ ಕೊನೆಯ ಆಟದಲ್ಲಿ, ಬಾದಾಮಿಯ ನಿವೃತ್ತ ರೇಲ್ವೆ ನೌಕರ ಜಹೀರರನ್ನು ಸೋಲಿಸಿದ್ದು. ಒಂದೂವರೆ ವರ್ಷ ನಡೆದ ಆಟ. ಇಬ್ಬರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಬಸ್ಸು ಹತ್ತಿ ಹೋಗಿ ಎದುರು ಕೂತು ಆಡಬಾರದೇ ಎಂದು ನಾನೊಮ್ಮೆ ಕೇಳಿ, ಮರುದಿನ ಉತ್ತರ ಪಡೆದಿದ್ದೆ: "ಅವಸರದಾಗ ಬುದ್ಧಿ ಓಡಂಗಿಲ್ರಿ." ಆಗ ಗೆದ್ದ ಹಿತ್ತಾಳೆಯ ಕಪ್, ಬಸವಣ್ಣನ ಪಟದ ಪಕ್ಕದಲ್ಲಿತ್ತು. ಮನೆಗೆ ಬಂದವರು ಚಹಾ ಆರಿಹೋದರೂ ಸರಿ, ಆ ಆಟವನ್ನು ಪೂರ್ತಿ ಕೇಳಿಯೇ ಏಳಬೇಕು.

ಈ ವರ್ಷ ಬಾಗಲಕೋಟೆಯ ಚದುರಂಗ ಬಳಗದವರು, ಆ ಆಟವನ್ನು ನಡೆನಡೆಯಾಗಿ ವಿಶ್ಲೇಷಿಸಿ ಸಭೆಯಲ್ಲಿ ಓದಬೇಕೆಂದು ಕೇಳಿಕೊಂಡರು. ಅಕ್ಕೋರು ಹುರುಪಿನಿಂದ ಹಲಗೆ ಹಾಸಿದರು.

"ಚಿಗವ್ವ, ಮೊಬೈಲಿಗೆ ಹಾಕಿದ್ರ ಒಂದ ನಿಮಿಷದಾಗ ಎಲ್ಲಾ ಹೇಳತೈತಿ," ಎಂದಳು ಪದ್ಮಶ್ರೀ.

"ನನ್ನ ಹೊಲಾ ನಾನ ಹರಗತೇನಿ ಬಿಡು," ಎಂದು ಮರುದಿನ ಉತ್ತರ ಬಂತು.

ನಾಲ್ಕನೆಯ ದಿನ, ಜಹೀರರು ಸೋಲೊಪ್ಪಿಕೊಂಡ ನಲವತ್ತೆರಡನೆಯ ನಡೆಗೆ ಬಂದಾಗ, ಅಕ್ಕೋರ ಪೆನ್ನು ನಿಂತಿತು. ರಾಣಿಯಾಗಲು ಒಂದೇ ಮನೆ ಬಾಕಿಯಿದ್ದ ಅಕ್ಕೋರ ಕಾಲಾಳನ್ನು, ತಮ್ಮ ಆನೆ ಬಲಿಯಾದರೂ ಸರಿ ಎಂದು ಜಹೀರರು ಹೊಡೆದುಬಿಟ್ಟಿದ್ದರೆ? ಅಕ್ಕೋರಿಗೆ ಉಳಿಯುವುದು ಒಂದು ಒಂಟೆ, ಅಂಚಿನ ಒಂದು ಕಾಲಾಳು. ಜಹೀರರ ರಾಜ ಆ ಕಾಲಾಳಿನ ದಾರಿಯ ತುದಿಗಿರುವ ಮೂಲೆಯ ಕರಿ ಮನೆ ಸೇರಿ ಕೂತನೆಂದರೆ, ಬಿಳಿ ಮನೆಗಳಲ್ಲಷ್ಟೇ ಓಡಾಡುವ ಈ ಒಂಟೆಯಿಂದ ಅವನನ್ನು ಎಬ್ಬಿಸುವುದು ಬ್ರಹ್ಮನಿಂದಲೂ ಆಗದು. ಆಟ ಡ್ರಾ! ಅಯ್ಯೋ, ಹನ್ನೊಂದು ವರ್ಷ ಮೆರೆದ ಗೆಲುವು ಗೆಲುವೇ ಅಲ್ಲ. ಸೋತೆನೆಂಬ ಕಾರ್ಡು ಕೈಗೆ ಬಂದ ಮೇಲೆ ಗೆದ್ದವರು ಹಲಗೆಯನ್ನು ತಿರುಗಿ ನೋಡುವುದುಂಟೇ? ಎರಡು ದಿನ ಅದೇ ನಡೆಯನ್ನು ತಿರುತಿರುಗಿ ಆಡಿ ನೋಡಿ, ಅಕ್ಕೋರು ಪದ್ಮಶ್ರೀಗೆ ವಿಷಯ ತಿಳಿಸಿದರು.

"ಯಾರಿಗೆ ಗೊತ್ತಾಗತೈತಿ, ಬಿಡು ಚಿಗವ್ವ," ಎಂದಳು ಪದ್ಮಶ್ರೀ.

"ನನಗ ಗೊತ್ತಾತಲ್ಲ!"

ಮರುದಿನಕ್ಕೆ ಕಾಯದೆ, ಬಾಯಿ ಮುಚ್ಚುವುದರೊಳಗೆ ಬಂದ ಉತ್ತರ! ಪದ್ಮಶ್ರೀ ಹೌಹಾರಿ ಎದ್ದು ನಿಂತಳಂತೆ. ಅಕ್ಕೋರು ಆಗಲೇ ಕಾರ್ಡು ತೆಗೆದು ಬರೆದರು: "ಅವತ್ತ ಆನಿಯಿಂದ ನನ್ನ ಕಾಲಾಳು ಹೊಡದಿದ್ರ ನಿಮಗ ಸೋಲು ಇದ್ದಿಲ್ರಿ. ತಪ್ಪು ತಿಳೀಬ್ಯಾಡ್ರಿ."

ಎಂಟನೆಯ ದಿನ ಬಾದಾಮಿಯಿಂದ ಕಾರ್ಡು ಬಂತು: "ಹಂಗಾದ್ರ ಆನಿ ಹೊಡೀತು ಅಂತ ತಿಳೀರಿ ಅಕ್ಕೋರ. ಈಗ ನಿಮ್ಮ ನಡಿ."

ಅಕ್ಕೋರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಬಾಗಲಕೋಟೆಯ ಸಭೆಯಲ್ಲಿ ನಲವತ್ತೊಂದು ನಡೆಗಳನ್ನು ಓದಿ ನಿಲ್ಲಿಸಿ, "ನಾ ಗೆದ್ದಿದ್ದಿಲ್ರಿ. ಅವರು ಸೋತೇನಿ ಅಂದ್ರು, ನಾ ನಂಬಿದೆ. ಆಟ ಇನ್ನೂ ನಡದೈತಿ," ಎಂದು ಕಪ್ಪನ್ನು ಮೇಜಿನ ಮೇಲಿಟ್ಟು ಬಂದರು.

"ಹೆಂಗೂ ಡ್ರಾ ಅಂತ ನೀನ ಅಂದೆಲ್ಲ ಚಿಗವ್ವ, ಮತ್ಯಾಕ ಆಡತಿ?" ಎಂದು ಪದ್ಮಶ್ರೀ ಕೇಳಿದರೆ, ಕನ್ನಡಕ ಒರೆಸುತ್ತ ಅಂದರು: "ರಾಜನ್ನ ಯಾವ ಮೂಲಿಗೆ ಒಯ್ಯಬೇಕಂತ ನಾ ಬರದಿಲ್ಲಲ್ಲ. ಹುಡುಕಲಿ!"

ಇಂಥವರು ಊರಿಗೊಬ್ಬರಾದರೂ ಇರುತ್ತಾರೆ. ಕೈಯಲ್ಲಿದ್ದ ಗೆಲುವು ಖೊಟ್ಟಿಯೆಂದು ತಿಳಿದ ದಿನ ಅದನ್ನು ನಾಲ್ಕು ಜನರ ಮುಂದೆ ಇಳಿಸಿಟ್ಟು ಬರುತ್ತಾರೆ. ಬಂದವರೇ, ಅದನ್ನು ಖರೆ ಮಾಡಿಕೊಳ್ಳಲು ಮತ್ತೆ ಹಲಗೆಯ ಮುಂದೆ ಕೂಡುತ್ತಾರೆ.