ಬಾಯಾರು ಬೈಯಲಿಲ್ಲ

೧೯೫೪ರ ಜೂನ್ ತಿಂಗಳಲ್ಲಿ ಕೃಷ್ಣಾಬಾಯಿ ಇಂಗ್ಲೆಂಡಿನಿಂದ ಮರಳಿದಾಗ ಅವಳ ತಂದೆ ದತ್ತಾತ್ರೇಯರಾಯರು ಕುಡಚಿ ಸ್ಟೇಶನ್ನಿಗೆ ಬಂದಿದ್ದರು. ಅಲ್ಲಿಂದ ಜಮಖಂಡಿಗೆ ಬಸ್ಸು. ತೇರದಾಳ ದಾಟಿ ರಬಕವಿ ಬಂದಾಗ ರಾಯರು ಕಿಟಕಿಯಿಂದ ಮುಖ ತಿರುಗಿಸಿ, "ಈ ವರ್ಷ ಮಳಿ ತಡಾ ಅದ," ಎಂದರು. ಕೃಷ್ಣಾಬಾಯಿ ಹೌದೆಂದಳು.

ರಾಯರ ಕಿರಿಯ ಮಗಳು ಅಲಕಾಳನ್ನು ಕೊಟ್ಟದ್ದು ಆ ಊರಿಗೇ. ಗಂಡ ಶ್ರೀನಿವಾಸ ಅಲ್ಲಿಯ ಶಾಲೆಯ ಮಾಸ್ತರ. ಹಿಂದಿನ ಸಪ್ಟೆಂಬರಿನಲ್ಲಿ ಅಲಕಾಗೆ ಚೊಚ್ಚಲ ಹೆರಿಗೆಯಾಯಿತು. ತವರಿನಲ್ಲಿ ತಾಯಿ ಇಲ್ಲ, ನರ್ಸ್ ಆಗಿದ್ದ ಅಕ್ಕನೂ ಪರದೇಶದಲ್ಲಿ. ಹಾಗಾಗಿ ಹೆರಿಗೆ ಗಂಡನ ಮನೆಯಲ್ಲೇ ಆಗಿತ್ತು. ಎಂಟನೆಯ ದಿನ ಕೂಸು ಮೈ ಸೆಟೆದು ಸತ್ತಿತು. ಹನ್ನೆರಡನೆಯ ದಿನ ಬಾಣಂತಿ ಸನ್ನಿಯಿಂದ ಅಲಕಾ ಹೋದಳು.

ತಂದೆ ಬರೆದ ಆ ಸುದ್ದಿಯ ಕಾಗದ ಕೈಗೆ ಬಂದಾಗ ಕೃಷ್ಣಾಬಾಯಿ ಇಂಗ್ಲೆಂಡಿನ ಉತ್ತರದ ಒಂದು ಬಟ್ಟೆ ಗಿರಣಿಯ ಊರಿನಲ್ಲಿದ್ದಳು. ಓದಿ ಕೋಟಿನ ಕಿಸೆಯಲ್ಲಿಟ್ಟುಕೊಂಡು ಅಂದಿನ ಕೆಲಸಕ್ಕೆ ಹೊರಟಳು. ಹನ್ನೊಂದು ಮನೆಗಳಿಗೆ ಹೋದಳು, ಹನ್ನೊಂದು ಕೂಸುಗಳನ್ನು ತೂಗಿದಳು, ತೂಕ ಬರೆದಳು. ಅಳು ಬರಲಿಲ್ಲ. ಚಳಿಗೆ ಹೀಗಾಗಿರಬೇಕು ಎಂದುಕೊಂಡಳು. ಊರಿಗೆ ಬಂದು ಅಲಕಾಳ ಪೆಟ್ಟಿಗೆಯನ್ನು ತಾನೇ ತೆರೆದು, ಸೀರೆಗಳನ್ನು ಬಿಸಿಲಿಗೆ ಹಾಕಿ, ಮಡಚಿ ಇಟ್ಟಳು. ಆಗಲೂ ಬರಲಿಲ್ಲ.

ಅವಳಿಗೆ ಮೂವತ್ತನಾಲ್ಕು ವರ್ಷ. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡ ಮೇಲೆ ಪುಣೆಯಲ್ಲಿ ನರ್ಸಿಂಗ್ ಕಲಿತಿದ್ದಳು. ಮನೆ ಮನೆಗೆ ಹೋಗುವ ಆರೋಗ್ಯ ನರ್ಸಿನ ಕೆಲಸ ಕಲಿತು ಬಾ ಎಂದು ಮುಂಬಯಿ ಸರಕಾರ ಅವಳನ್ನು ಒಂದು ವರ್ಷ ಕಳಿಸಿತ್ತು. ಈಗ ಅದನ್ನು ಆರು ಮಂದಿ ಹುಡುಗಿಯರಿಗೆ ಕಲಿಸಬೇಕಿತ್ತು. ಜಮಖಂಡಿಯಲ್ಲಿ ಹಳೆಯ ವಾಡೆಯೊಂದರ ಪಡಸಾಲೆಯನ್ನು ಅದಕ್ಕಾಗಿ ಬಿಟ್ಟುಕೊಟ್ಟಿದ್ದರು.

ಇಂಗ್ಲೆಂಡಿನಲ್ಲಿ ಅವಳಿಗೆ ಕಲಿಸಿದಾಕೆ ಮಿಸ್ ಆಕ್ರಾಯ್ಡ್ ಎಂಬ ಐವತ್ತು ದಾಟಿದ ಹೆಂಗಸು, ಮಳೆಯಲ್ಲೂ ಸೈಕಲ್ ಮೇಲೆ ತಿರುಗುವಾಕೆ. ಬಾಗಿಲಲ್ಲಿ ನಿಂತು ಪಾಠ ಹೇಳಬೇಡ. ಮನೆಯವರು ಎಲ್ಲಿ ಕೂರಿಸುತ್ತಾರೋ ಅಲ್ಲಿ ಕೂತುಕೋ. ಮೊದಲು ಅವರು ಮಾತಾಡಲಿ. ಆಕೆ ಹೇಳಿದ ಈ ಮಾತನ್ನು ಕೃಷ್ಣಾಬಾಯಿ ಇಲ್ಲಿ ಹಾಗೆಯೇ ಹೇಳಿಕೊಟ್ಟಳು. ಇನ್ನು ಕೆಲವು ಇಲ್ಲಿಗೆ ಒಗ್ಗಲಿಲ್ಲ. ಹೋದ ಮನೆಯಲ್ಲಿ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಅದರ ಮೇಲೆ ನರ್ಸಿನ ಚೀಲ ಇಡಬೇಕೆಂದು ಅವಳು ಹೇಳಿದಾಗ ಗುರುಬಸವ್ವ ಎಂಬ ಹುಡುಗಿ ಎದ್ದು ನಿಂತಳು. ಲೋಕಾಪುರದ ರೈತರ ಮನೆಯವಳು, ಏಳನೆಯ ಇಯತ್ತೆ ಮುಗಿಸಿದವಳು.

"ಬಾಯಾರ, ನೇಕಾರರ ಮನ್ಯಾಗ ಮೇಜ ಎಲ್ಲಿರತೈತ್ರಿ? ಪೇಪರೂ ಇರಂಗಿಲ್ಲ. ನೆಲದ ಮ್ಯಾಲ ಇಟ್ರ ಕೋಳಿ ತುಳೀತಾವ."

"ಮತ್ತ ಎಲ್ಲೆ ಇಡೋದು?"

"ಮಗ್ಗದ ಮಗ್ಗಲಕ್ಕ ಗೂಟ ಇರತಾವ್ರಿ. ಅದಕ್ಕ ಜೋತ ಹಾಕೂಣು."

ಕೃಷ್ಣಾಬಾಯಿ ತನ್ನ ಟಿಪ್ಪಣಿಯಲ್ಲಿ ಮೇಜು ಎಂಬುದನ್ನು ಹೊಡೆದು ಗೂಟ ಎಂದು ಬರೆದಳು. ಮರುದಿನವೇ ಚೀಲಗಳಿಗೆ ಉದ್ದನೆಯ ಪಟ್ಟಿ ಹೊಲಿಸಿದರು.

ಆಗಸ್ಟಿನಲ್ಲಿ ಸುತ್ತಲಿನ ಊರುಗಳ ಸೂಲಗಿತ್ತಿಯರನ್ನು ಕರೆಸಿ ಹದಿನೈದು ದಿನ ಪಾಠ ಮಾಡಬೇಕೆಂದು ಸುತ್ತೋಲೆ ಬಂತು. ಹುಡುಗಿಯರು ಹುನ್ನೂರ, ಬನಹಟ್ಟಿ, ರಬಕವಿ, ಮಹಾಲಿಂಗಪುರ ತಿರುಗಿ ಹೆಸರು ಬರೆದು ತಂದರು. ಹದಿನಾಲ್ಕು ಹೆಸರು. ಒಂಬತ್ತನೆಯದು ರಬಕವಿಯ ಮುತ್ತವ್ವ. ಅಲಕಾಳ ಹೆರಿಗೆ ಮಾಡಿಸಿದವಳು ಇವಳೇ ಎಂಬುದು ತಂದೆಯ ಕಾಗದದಲ್ಲೇ ಇತ್ತು. ಕೃಷ್ಣಾಬಾಯಿ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಬಹಳ ಹೊತ್ತು ಕೂತಳು. ಆ ಹೆಸರು ಹೊಡೆದು ಹಾಕಿದರೆ ಯಾರೂ ಕೇಳುವವರಿರಲಿಲ್ಲ. ಕೈ ಏಳಲಿಲ್ಲ. ಕ್ಷಮಿಸಿದಳೆಂದೇನಲ್ಲ. ಪಟ್ಟಿಯ ಕೆಳಗೆ ಸಹಿ ಮಾಡಿ ಕಚೇರಿಗೆ ಕಳಿಸಿದಳು.

ಮುತ್ತವ್ವ ಅರವತ್ತರ ಸಮೀಪದ ತೆಳ್ಳಗಿನ ಮುದುಕಿ. ದಿನಾ ಎಲ್ಲರಿಗಿಂತ ಮೊದಲು ಬಂದು ಮುಂದಿನ ಸಾಲಿನಲ್ಲಿ ಕೂಡುತ್ತಿದ್ದಳು. ಸೂಲಗಿತ್ತಿಯರಿಗೆ ಏಕವಚನ ಬಳಸಬಾರದು, ಹೆಸರಿಗೆ 'ಆರ' ಹಚ್ಚಿಯೇ ಕರೆಯಬೇಕು ಎಂದು ಕೃಷ್ಣಾಬಾಯಿ ಹುಡುಗಿಯರಿಗೆ ಕಟ್ಟಪ್ಪಣೆ ಮಾಡಿದ್ದಳು. ತಾನೂ ಹಾಗೆಯೇ ಕರೆದಳು. "ಮುತ್ತವ್ವಾರ, ಉಗುರು ತೋರಸ್ರಿ." "ಮುತ್ತವ್ವಾರ, ಸಾಬಾಣ ಹಿಡೀರಿ, ಮೊಣಕೈ ತನಕ ತಿಕ್ಕರಿ." ಆ ಕೈಗಳ ಮೇಲೆ ತಾನೇ ನೀರು ಸುರಿದಳು. ಕಪ್ಪು, ಗಂಟು ಗಂಟಾದ ಬೆರಳುಗಳು. ನೋಡಿದರೆ ಮೈ ಉರಿಯುತ್ತದೆ ಎಂದುಕೊಂಡಿದ್ದಳು. ಏನೂ ಆಗಲಿಲ್ಲ. ಬೇರೆ ಹದಿಮೂರು ಮಂದಿಯ ಕೈಗಳಂತೆ ಅವೂ ಕೈಗಳಾಗಿದ್ದವು.

ಎಂಟನೆಯ ದಿನದ ಪಾಠ ಕೂಸಿನ ಹೊಕ್ಕುಳ ಹುರಿ ಕೊಯ್ಯುವುದರ ಬಗ್ಗೆ. ಅರಿವೆಯ ಬೊಂಬೆಗೆ ಒಂದು ಲಾಡಿ ಹೊಲಿದು ಅದನ್ನೇ ಹುರಿ ಮಾಡಿದ್ದರು. ದಾರವನ್ನೂ ಬ್ಲೇಡನ್ನೂ ಕುದಿಯುವ ನೀರಿನಲ್ಲಿ ಇಡುವುದು, ಎರಡು ಕಡೆ ಕಟ್ಟಿ ನಡುವೆ ಕೊಯ್ಯುವುದು, ಮೇಲೆ ಬೂದಿ, ಸೆಗಣಿ ಏನನ್ನೂ ಹಚ್ಚದಿರುವುದು. ಗುರುಬಸವ್ವ ಮಾಡಿ ತೋರಿಸಿದಳು. ಎಲ್ಲರೂ ಒಬ್ಬೊಬ್ಬರಾಗಿ ಮಾಡಿದರು. ಮುತ್ತವ್ವ ಬೊಂಬೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಳು.

"ಬಾಯಾರ, ಒಂದ ಮಾತ ಕೇಳಲ್ರಿ?"

"ಕೇಳ್ರಿ."

"ಕುಡಗೋಲಿಂದ ಕೊಯ್ದು ಬೂದಿ ಹಚ್ಚಿದ್ರ ವಿಷ ಕೂಸಿನ ಮೈಯಾಗ ಇಳೀತೈತಿ ಅಂದ್ರಿ. ಹಂಗಾರ ಎಂಟನೇ ದಿನಕ್ಕ ಸೆಟಗೊಂಡು ಸತ್ತ ಕೂಸುಗಳು ನನ್ನ ಕೈಯಿಂದನ ಸತ್ತಾವೇನ್ರಿ?"

ಇಂಥ ಪ್ರಶ್ನೆ ಬಂದರೆ ಹಿಂದಿನದನ್ನು ಬಿಟ್ಟು ಮುಂದಿನದನ್ನು ಹೇಳು ಎಂದು ಮಿಸ್ ಆಕ್ರಾಯ್ಡ್ ಕಲಿಸಿದ್ದಳು. ಕೃಷ್ಣಾಬಾಯಿಗೆ ಅದು ನೆನಪೂ ಇತ್ತು.

"ಹೌದ್ರಿ," ಎಂದಳು. "ನಿಮಗ ಗೊತ್ತಿರಲಿಲ್ಲ. ಆದ್ರ ಹೌದು."

ಮುತ್ತವ್ವ ಬೊಂಬೆಯನ್ನು ಚಾಪೆಯ ಮೇಲೆ ಮಲಗಿಸಿ ತನ್ನ ಜಾಗಕ್ಕೆ ಹೋಗಿ ಕೂತಳು. ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

"ಬರದವರ ಹೆಸರ ತಗದು ಬಿಡೂಣೇನ್ರಿ?" ಎಂದು ಗುರುಬಸವ್ವ ಕೇಳಿದಳು.

"ಬ್ಯಾಡ. ಅವರ ಮನೀಗೆ ಹೋಗಿ ಬರ್ತೀನಿ."

ರವಿವಾರ ಅವಳು ಒಬ್ಬಳೇ ಬಸ್ಸಿನಲ್ಲಿ ರಬಕವಿಗೆ ಹೋದಳು. ದಾರಿ ಶ್ರೀನಿವಾಸನ ಮನೆಯ ಮುಂದೆಯೇ ಇತ್ತು. ಮಾಘದಲ್ಲಿ ಅವನಿಗೆ ಮತ್ತೊಂದು ಮದುವೆ ಆದದ್ದು ಅವಳಿಗೆ ಗೊತ್ತಿತ್ತು. ಕಟ್ಟೆಯ ಮೇಲೆ ಹೊಸ ಹೆಂಡತಿ ಇಂದಿರಾ ಅಕ್ಕಿ ಆರಿಸುತ್ತಾ ಕೂತಿದ್ದಳು. ಐದಾರು ತಿಂಗಳ ಬಸುರಿ. ಕೃಷ್ಣಾಬಾಯಿ ನಿಲ್ಲಲಿಲ್ಲ.

ಮುತ್ತವ್ವನ ಮನೆಯಲ್ಲಿ ಮಗ ಹುಲೆಪ್ಪ ಕುಣಿಯ ಮಗ್ಗದಲ್ಲಿ ಸೀರೆ ನೇಯುತ್ತಿದ್ದ. ಅವಳನ್ನು ಕಂಡು ಲಾಳಿ ನಿಲ್ಲಿಸಿ ಎದ್ದು ಹೊರಗೆ ಹೋದ. ಮುತ್ತವ್ವ ಕಂಬಳಿ ಹಾಸಿದಳು. ಕೃಷ್ಣಾಬಾಯಿ ಕೂತಳು. ಏನೂ ಕೇಳಲಿಲ್ಲ. ಮುದುಕಿ ತಂಬಿಗೆಯಲ್ಲಿ ನೀರು ತಂದು, ಬ್ರಾಹ್ಮಣರ ಹೆಣ್ಣುಮಗಳು ಕುಡಿಯುವಳೋ ಇಲ್ಲವೋ ಎಂದು ತಡೆದು, ಸ್ವಲ್ಪ ದೂರದಲ್ಲಿಟ್ಟಳು. ಕೃಷ್ಣಾಬಾಯಿ ಎಳೆದುಕೊಂಡು ಕುಡಿದಳು.

"ಎಣಸಾಕತ್ತೇನ್ರಿ," ಎಂದಳು ಮುತ್ತವ್ವ. "ಎರಡ ದಿನಾ ಆತು. ಹತ್ತೊಂಬತ್ತ ಕೂಸು ನೆನಪಾಗ್ಯಾವು. ಇನ್ನೂ ಅದಾವು, ನೆನಪ ಆಗವಲ್ವು. ಕಡೀದು ನಿಮ್ಮ ತಂಗೀದು."

"ನಾ ಯಾರು ಅನ್ನೋದು ಗೊತ್ತಿತ್ತೇನ್ರಿ?"

"ಮೊದಲನೇ ದಿನಾನ ಗೊತ್ತಾತು. ನಿಮ್ಮ ಮಾರಿ ಥೇಟ ಅಕೀದ ಐತಿ."

"ಗೊತ್ತಿದ್ದೂ ಬಂದ್ರಿ?"

"ಬೈತೀರಿ ಅಂತ ಬಂದ್ನಿ." ಮುತ್ತವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. "ಇವತ್ತ ಬೈತಾರ, ನಾಳಿ ಬೈತಾರ ಅಂತ ದಿನಾ ಮುಂದ ಬಂದು ಕುಂತ್ನಿ. ನೀವು ಮುತ್ತವ್ವಾರ, ಮುತ್ತವ್ವಾರ ಅಂದು ಕೈ ತೊಳಸಿದ್ರಿ. ಬೈದಿದ್ರ ನಾನೂ ಒಂದೀಟ ಅತ್ತು ಹಗರ ಆಗತಿದ್ನಿ."

ಕೃಷ್ಣಾಬಾಯಿ ತನ್ನೊಳಗೆ ಒಂದು ಬೈಗುಳಕ್ಕಾಗಿ ಹುಡುಕಿದಳು. ಸಿಗಲಿಲ್ಲ. ಮುದುಕಿಯ ಮೇಲೆ ಕನಿಕರವಾದರೂ ಇದೆಯೇ ಎಂದು ನೋಡಿದಳು. ಅದೂ ಇರಲಿಲ್ಲ.

"ನಂಗ ಬೈಲಿಕ್ಕೆ ಬರವಲ್ದು, ಮುತ್ತವ್ವಾರ," ಎಂದಳು. "ಅಳಲಿಕ್ಕೂ ಬರವಲ್ದು. ಕಾಗದ ಬಂದಾಗಿಂದ ಹಿಂಗೇ ಅದ."

ಈ ಮಾತನ್ನು ಅವಳು ತಂದೆಯ ಮುಂದೆ ಕೂಡ ಆಡಿರಲಿಲ್ಲ. ಮುತ್ತವ್ವ ಅವಳ ಮುಖವನ್ನೇ ನೋಡುತ್ತಾ ಕೂತಳು. ಆಮೇಲೆ ಮೆಲ್ಲಗೆ, "ಮಾಸ್ತರನ ಹೊಸಾ ಹೇಣ್ತಿ ಬಸರದಾಳ. ಮತ್ತ ನನ್ನ ಕರದಾರ. ನಾ ಹೋಗಂಗಿಲ್ಲ. ಇನ್ನ ಯಾರ ಮನೀಗೂ ಹೋಗಂಗಿಲ್ಲ," ಎಂದಳು.

"ನೀವು ಹೋಗಲಿಲ್ಲಂದ್ರ ಯಾರು ಹೋಗ್ತಾರ?"

"ಹಿಂದಿನ ಓಣ್ಯಾಗ ಒಬ್ಬಾಕಿ ಅದಾಳ."

"ಆಕಿ ನಮ್ಮಲ್ಲೆ ಪಾಠಕ್ಕ ಬಂದಾಳೇನು?"

"ಇಲ್ಲ."

"ಹಂಗಾರ ಆಕಿ ಕುಡಗೋಲೇ ತಗೊಂಡು ಹೋಗ್ತಾಳ."

ಮುತ್ತವ್ವ ಖಾಲಿ ತಂಬಿಗೆಯನ್ನು ಎತ್ತಿ ಮೂಲೆಯಲ್ಲಿಟ್ಟಳು.

"ಇನ್ನೂ ಐದು ದಿನದ ಪಾಠ ಉಳದದ," ಎಂದು ಕೃಷ್ಣಾಬಾಯಿ ಎದ್ದಳು. "ತಪ್ಪಿದ್ದನ್ನ ಗುರುಬಸವ್ವ ಹೇಳಿಕೊಡ್ತಾಳ. ನಾಳಿ ಬರ್ರಿ."

ಮುತ್ತವ್ವ ಸೋಮವಾರ ಬರಲಿಲ್ಲ, ಮಂಗಳವಾರ ಬಂದಳು. ಹಿಂದಿನ ಸಾಲಿನಲ್ಲಿ ಕೂತಳು. ಕೊನೆಯ ದಿನ ಎಲ್ಲರಿಗೂ ಬ್ಲೇಡು, ದಾರ, ಸಾಬಾಣ, ಉಗುರು ತಿಕ್ಕುವ ಬ್ರಶ್ಶು ಇದ್ದ ಒಂದೊಂದು ಡಬ್ಬಿ ಕೊಟ್ಟರು. ಅವಳು ಅದನ್ನು ಎರಡು ಕೈಯಿಂದ ತೆಗೆದುಕೊಂಡು ಬಸ್ಸಿಗೆ ಹೋದಳು.

ಡಿಸೆಂಬರಿನಲ್ಲಿ ಒಂದು ಮುಂಜಾನೆ ಹುಲೆಪ್ಪ ಜಮಖಂಡಿಗೆ ಬಂದ. ಮಾಸ್ತರರ ಮನೆಯಲ್ಲಿ ಹೆರಿಗೆಯ ಬ್ಯಾನಿ ಸುರುವಾಗಿದೆ, ಅವ್ವ ಬಾಯಾರನ್ನು ಕರೆತರಲು ಹೇಳಿದ್ದಾಳೆ ಎಂದ. ಕೃಷ್ಣಾಬಾಯಿ ಗುರುಬಸವ್ವನನ್ನು ಕರೆದುಕೊಂಡು ಹೊರಟಳು.

ಶ್ರೀನಿವಾಸ ಹೊರಗೆ ನಿಂತಿದ್ದ. ವರ್ಷದೊಳಗೆ ಅವನ ತಲೆ ಅರ್ಧ ನರೆತಿತ್ತು. "ಒಳಗ ಹೋಗ್ರಿ, ಅಕ್ಕಾ," ಎಂದಷ್ಟೇ ಅಂದ. ಅಲಕಾಳ ಹೆರಿಗೆಯಾದದ್ದೂ ಅದೇ ಕೋಣೆಯಲ್ಲಿ. ಅಲಕಾ ಮದುವೆಯಲ್ಲಿ ತಂದಿದ್ದ ಕನ್ನಡಿ ಗೋಡೆಗೆ ಇನ್ನೂ ಇತ್ತು. ಕೃಷ್ಣಾಬಾಯಿ ಗೋಡೆಗೆ ಒರಗಿ ಕೂತಳು. ಕೈ ಹಚ್ಚಲಿಲ್ಲ. ಕಲಿಯುವವರ ಕೆಲಸವನ್ನು ಕಲಿಸುವವಳು ಕಸಿಯಬಾರದು ಎಂಬುದು ಒಂದು ಕಾರಣ. ಆ ಕೋಣೆಯಲ್ಲಿ ತನ್ನ ಕೈಯನ್ನು ತಾನೇ ನಂಬಲಿಲ್ಲ ಎಂಬುದು ಇನ್ನೊಂದು.

ಒಲೆಯ ಮೇಲೆ ನೀರು ಕುದಿಯಿತು. ಮುತ್ತವ್ವ ಬ್ಲೇಡು, ದಾರ ಹಾಕಿ, ಕೈ ತೊಳೆದಳು. ಗುರುಬಸವ್ವ ಸಾಕು ಎಂದರೂ ಮತ್ತೊಮ್ಮೆ ತೊಳೆದಳು. ಮಧ್ಯಾಹ್ನ ಗಂಡು ಹುಟ್ಟಿತು. ಮುತ್ತವ್ವ ಕಟ್ಟಿದಳು, ಕೊಯ್ದಳು. ಇಂದಿರಾಳ ಅತ್ತೆ ಬೂದಿಯ ಬಟ್ಟಲು ಹಿಡಿದುಕೊಂಡು ಬಂದಾಗ, "ಬ್ಯಾಡ್ರಿ ಅವ್ವಾರ. ನಿಮ್ಮ ಕಾಲ ಬೀಳತೀನಿ, ಅದನ್ನ ಒಯ್ರಿ," ಎಂದಳು.

ಗುರುಬಸವ್ವ ಎಂಟು ದಿನ ಬಿಡದೆ ಹೋಗಿ ಬಂದಳು. ಒಂಬತ್ತನೆಯ ದಿನ ಕೃಷ್ಣಾಬಾಯಿಯೂ ಹೋದಳು. ಜೋಳಿಗೆಯ ತಕ್ಕಡಿಯಲ್ಲಿ ಕೂಸನ್ನು ತೂಗಿದಳು. ಆರು ಪೌಂಡಿನ ಮೇಲೆ ನಾಲ್ಕು ಔನ್ಸು. ಕೂಸು ಬಾಯಿ ಅಗಲಿಸಿ ಅತ್ತಿತು, ತಾಯಿಯ ಎದೆ ಹಿಡಿದು ಗಟ್ಟಿಯಾಗಿ ಚೀಪಿತು. ಇಂದಿರಾಗೆ ಜ್ವರವಿರಲಿಲ್ಲ. ಕೃಷ್ಣಾಬಾಯಿ ಎಲ್ಲವನ್ನೂ ಬರೆದುಕೊಂಡಳು. ಸಂತೋಷವಾಗಬೇಕಿತ್ತು ಎಂಬುದು ಅವಳಿಗೆ ತಿಳಿದಿತ್ತು. ಹೊಸ್ತಿಲ ಹೊರಗೆ ಮುತ್ತವ್ವ ಕೂತಿದ್ದಳು. ಸೆರಗು ಬಾಯಿಗೆ ಹಚ್ಚಿಕೊಂಡು ಅಳುತ್ತಿದ್ದಳು. ಕೃಷ್ಣಾಬಾಯಿ ಅವಳ ಪಕ್ಕದಲ್ಲಿ, ನೆಲದ ಮೇಲೆಯೇ, ಬಸ್ಸಿನ ಹೊತ್ತಾಗುವವರೆಗೆ ಕೂತಳು.

ಬಸ್ ಸ್ಟ್ಯಾಂಡಿನಲ್ಲಿ ಗುರುಬಸವ್ವ ಹುರಿದ ಶೇಂಗಾ ತಂದಳು. ಇಬ್ಬರೂ ಸುಲಿದು ತಿನ್ನುತ್ತಿದ್ದಾಗ ಕೃಷ್ಣಾಬಾಯಿ ತಾನಾಗಿ ಹೇಳಿದಳು:

"ಅಲಕಾ ಶೇಂಗಾ ಸಿಪ್ಪಿ ಸುದ್ಧಾ ತಿಂತಿದ್ಲು. ಸಣ್ಣಾಕಿ ಇದ್ದಾಗ. ಬೈದ್ರ ನಗತಿದ್ಲು."

ಆ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿ ವರ್ಷದ ಮೇಲಾಗಿತ್ತು. ಗುರುಬಸವ್ವ ಸುಲಿಯುವುದನ್ನು ನಿಲ್ಲಿಸಿದಳು.

"ಮತ್ತೇನ್ರಿ ಮಾಡತಿದ್ರು ಅವರು?"

ಜಮಖಂಡಿಯ ಬಸ್ಸು ಬಂತು. ಹಿಂದಿನ ಸೀಟಿನಲ್ಲಿ ಜಾಗ ಸಿಕ್ಕಿತು. ಕೃಷ್ಣಾಬಾಯಿ ಹೇಳತೊಡಗಿದಳು.