ಉಜ್ವಲಾಳ ಕೊನೆಯ ಇಪ್ಪತ್ತು ನಿಮಿಷ

ಫುಟ್‌ಬಾಲ್ ಎಂದರೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೇ. ಇಪ್ಪತ್ತೆರಡು ಜನ ಒಂದು ಚೆಂಡಿನ ಹಿಂದೆ ಬೀಳುವುದು. ಗೆದ್ದರೆ ಯಾರಿಂದ, ಸೋತರೆ ಯಾರಿಂದ, ದೇವರೇ ಬಲ್ಲ. ಓಟ ಹಾಗಲ್ಲ. ಅವರವರ ಗೆರೆ ಅವರವರಿಗೆ. ಮಸ್ಕತ್‌ನ ಅಲ್ ಗುಬ್ರಾದ ನೀರಿನ ಪ್ಲಾಂಟಿನಲ್ಲಿ ಹದಿನಾರು ವರ್ಷದಿಂದ ಮೀಟರು ಸರಿಮಾಡುತ್ತಿರುವ ನನಗೆ, ಅಳೆಯಲು ಬಂದರೆ ಮಾತ್ರ ಅದು ಆಟ.

ಮಗಳು ಉಜ್ವಲಾ ಅಲ್ಲಿಂದ ಒಂದೂವರೆ ಗಂಟೆ ದಾರಿಯ ನಿಜ್ವಾದಲ್ಲಿ ಕಾಲೇಜು ಸೇರಿ ಎರಡನ್ನೂ ಹಿಡಿದಳು. ಫುಟ್‌ಬಾಲ್ ತಂಡದಲ್ಲಿ ನಾಲ್ಕು ವರ್ಷ ಬಲ ಅಂಚಿನ ರೈಟ್ ವಿಂಗ್, ಒಂಬತ್ತು ಗೋಲು. ನಾನೂರು ಮೀಟರ್ ಓಟದಲ್ಲಿ ಅರವತ್ತೆಂಟು ಸೆಕೆಂಡಿನಿಂದ ಇಳಿಯುತ್ತಾ ಈ ವರ್ಷ ಅರವತ್ತಕ್ಕೆ ಬಂದು ನಿಂತಿದ್ದಳು. ಫೆಬ್ರುವರಿಯಲ್ಲಿ ಎರಡೂ ಒಟ್ಟಿಗೇ ಬಂದವು. ಗುರುವಾರ ಸಂಜೆ ನಿಜ್ವಾದಲ್ಲಿ ಸೆಮಿಫೈನಲ್, ಶನಿವಾರ ಮಸ್ಕತ್‌ನಲ್ಲಿ ಓಟದ ಆಯ್ಕೆ ಸ್ಪರ್ಧೆ.

"ಗುರುವಾರ ಸೋತ್ರ ನನ್ನ ಫುಟ್‌ಬಾಲ್ ಖಲಾಸ್ ಅಪ್ಪಾ. ಕಾಲೇಜ್ ಮುಗದ ಮ್ಯಾಲ ನನಗ ಟೀಮ್ ಎಲ್ಲಿಂದ ಬರ್ಬೇಕು?" ಎಂದಿದ್ದಳು.

ನನ್ನ ತಲೆಯಲ್ಲಿದ್ದದ್ದು ಶನಿವಾರ ಮಾತ್ರ. ಯಾವಳಾದರೂ ಅಡ್ಡಗಾಲು ಕೊಟ್ಟು ಕೆಡವಿದರೆ ನಾಲ್ಕು ವರ್ಷದ ಓಟ ಮಣ್ಣುಪಾಲು. ಬುಧವಾರ ಅವರ ಫುಟ್‌ಬಾಲ್ ಕೋಚ್, ಮಂಗಳೂರಿನ ಆಲನ್ ಅವರಿಗೆ ಫೋನ್ ಮಾಡಿದೆ.

"ಆಕಿ ತೊಡಿ ನರ ಹಿಡದೈತ್ರಿ ಸರ್. ನಿಮ್ಮ ಮುಂದ ಹೇಳೂದಿಲ್ಲ ಆಕಿ. ಆಡ್ಸಬ್ಯಾಡ್ರಿ. ನಾ ಹೇಳ್ದೆ ಅಂತ ಮಾತ್ರ ಗೊತ್ತಾಗೂದು ಬ್ಯಾಡ."

"ಒಳ್ಳೇದಾಯ್ತು ನೀವು ಹೇಳಿದ್ದು," ಎಂದರು ಪುಣ್ಯಾತ್ಮರು.

ಗುರುವಾರ ಡ್ಯೂಟಿ ಮುಗಿಸಿ ನಿಜ್ವಾಕ್ಕೆ ಹೋದರೆ ಮಗಳು ಬೆಂಚಿನ ಮೇಲೆ ಕೂತಿದ್ದಳು. ಅರ್ಧ ಆಟಕ್ಕೆ ನಮ್ಮವರು ಒಂದು ಗೋಲು ಹಿಂದೆ. ಬಿಡುವಿನಲ್ಲಿ ಅವಳು ಬೇಲಿಯ ತನಕ ಓಡಿಬಂದಳು.

"ಅಪ್ಪಾ, ಯಾರೋ ಸರ್ ಮುಂದ ನನ್ನ ಕಾಲು ನೋಯ್ತೈತಿ ಅಂತ ಹೇಳ್ಯಾರ. ನಾ ಎಷ್ಟು ಹೇಳಿದ್ರೂ ನಂಬವಲ್ರು. ನೀವು ಬಂದು ಹೇಳ್ರಿ. ಹೋದ ಶುಕ್ರವಾರ ನಿಮ್ಮ ಮುಂದನ ಓಡೀನಲ್ಲ?"

ಅಯ್ಯೋ ಶಿವನೇ! ಊರಲ್ಲಿ ಇಷ್ಟು ಜನ ಇರಲು ಸಾಕ್ಷಿಗೆ ನನ್ನನ್ನೇ ಕರೆಯಬೇಕೇ?

"ಇರ್ಲಿ ಬಿಡವ್ವ, ಶನಿವಾರ ಓಟ ಐತಿ," ಎಂದೆ.

"ಶನಿವಾರದ್ದು ಶನಿವಾರ! ಇವತ್ತಿಂದು ಹೇಳ್ರಿ ಅಪ್ಪಾ!"

ನಾನು ಬೇಲಿ ಬಿಟ್ಟು ಕದಲಲಿಲ್ಲ. ಆಟ ಮತ್ತೆ ಶುರುವಾಯಿತು. ಅವಳು ಬೆಂಚಿಗೆ ಹೋಗಿ ಕೂತು, ಎರಡು ನಿಮಿಷಕ್ಕೊಮ್ಮೆ ತಿರುಗಿ ನನ್ನನ್ನೇ ನೋಡುತ್ತಿದ್ದಳು. ಅಪ್ಪ ಬಂದೇ ಬರುತ್ತಾನೆ ಎಂಬ ನಂಬಿಕೆ ಆ ಮುಖದಲ್ಲಿ. ನಾಚಿಕೆಯಿಂದ ಮೈಯೆಲ್ಲ ಹಿಡಿಯಷ್ಟಾಯಿತು. ಆಟ ಇನ್ನು ಇಪ್ಪತ್ತು ನಿಮಿಷ ಉಳಿದಿದ್ದಾಗ ಆಲನ್ ಬಳಿ ಹೋದೆ.

"ಸರ್, ಆಕಿ ಕಾಲಿಗೆ ಏನೂ ಆಗಿಲ್ರಿ. ಓಟಕ್ಕ ತೊಂದ್ರಿ ಆಗ್ತೈತಿ ಅಂತ ನಾನ ಸುಳ್ಳು ಹೇಳಿದ್ದೆ."

"ಎಂತ ಮಾರಾಯ್ರೆ ನೀವು!" ಎಂದರು ಆಲನ್. ಕೂಡಲೇ ಅವಳಿಗೆ ಎದ್ದೇಳಲು ಕೈ ಮಾಡಿದರು.

ಉಜ್ವಲಾ ಎಲ್ಲ ಕೇಳಿಸಿಕೊಂಡಿದ್ದಳು. ಒಮ್ಮೆ ನನ್ನನ್ನು ನೋಡಿ, ಬಗ್ಗಿ ಬೂಟಿನ ಲೇಸು ಬಿಗಿದುಕೊಂಡು ಒಳಗೆ ಹೋದಳು. ಆ ಇಪ್ಪತ್ತು ನಿಮಿಷ ಅವಳು ಆಡಿದ್ದನ್ನು ನಾನು ಮರೆಯಲಾರೆ. ಹುಡುಗಿಯರೆಲ್ಲ ಅವಳ ಹೆಸರು ಕೂಗಿ ಚೆಂಡು ಕೊಡುವರು, ಅವಳು ನಗುನಗುತ್ತಾ ಅಂಚಿನಲ್ಲಿ ಒಯ್ಯುವಳು. ಓಟದಲ್ಲಿ ಅವಳು ನಕ್ಕದ್ದನ್ನು ನಾನು ಕಂಡೇ ಇರಲಿಲ್ಲ. ಒಂದು ಹೊಡೆತ ಗೋಲಿನ ಕಂಬಕ್ಕೆ ಬಡಿದು ವಾಪಸ್ಸು ಬಂತು. ಸೋತರು.

ಮನೆಗೆ ಬರುವಾಗ ಕಾರು ಇಜ್ಕಿ ಊರು ದಾಟಿತು. ಆಮೇಲೆ ಹೇಳಿದಳು, "ಶನಿವಾರ ಓಡ್ತೀನಿ. ಅವ್ವ ಕರ್ಕೊಂಡು ಹೋಗ್ತಾಳ. ನೀವು ಬರಬ್ಯಾಡ್ರಿ."

"ನಿನ್ನ ಒಳ್ಳೇದಕ್ಕಂತ ನಾ..."

"ಗೊತ್ತೈತಿ ಅಪ್ಪಾ. ಅದಕ್ಕ ಬರಬ್ಯಾಡ್ರಿ ಅಂದೆ."

ಶನಿವಾರ ನನಗೆ ರಜೆ. ಮನೆಯಲ್ಲಿ ಕೂರಲಾಗದೆ ಪ್ಲಾಂಟಿಗೆ ಹೋದೆ. ಹನ್ನೊಂದಕ್ಕೆ ಹೆಂಡತಿ ಚಂದ್ರವ್ವನ ಫೋನು ಬಂತು. ಐವತ್ತೊಂಬತ್ತು ಪಾಯಿಂಟ್ ನಾಲ್ಕು, ಆಯ್ಕೆಯಾದಳಂತೆ.

"ಆಕಿಗೆ ಕೊಡು ಫೋನ್," ಎಂದೆ.

ಅವಳು ಆ ಕಡೆ ಮಗಳನ್ನು ಕರೆದದ್ದು ಕೇಳಿಸಿತು.

"ಆಮ್ಯಾಲ ಮಾತಾಡ್ತಾಳಂತ," ಎಂದಳು ಚಂದ್ರವ್ವ.