ಮಗ್ಗದ ಮನೆಯ ಅರ್ಧ ಕಂದಾಯ

ಅರವತ್ತು ದಾಟಿದವರು ಸ್ವಂತ ಮನೆಯಲ್ಲೇ ಇದ್ದರೆ ಕಂದಾಯ ಅರ್ಧ ಕಟ್ಟಿದರೆ ಸಾಕು, ಆದರೆ ಆ ಮನೆಯಲ್ಲಿ ಯಾವ ಕಸುಬೂ ನಡೆಯಬಾರದು ಎಂಬ ಸುದ್ದಿ ಮೊಳಕಾಲ್ಮೂರಿನ ನೇಕಾರರ ಬೀದಿಗೆ ಬಂದದ್ದೇ ತಡ, ಚಿಕ್ಕೀರಪ್ಪ ಚಳ್ಳಕೆರೆಯಿಂದ ಬಸ್ಸು ಹತ್ತಿ ಅಕ್ಕ ಬೋರಕ್ಕನ ಮನೆಗೆ ಬಂದಿಳಿದ. ಕೇಳದಿದ್ದರೂ ಬುದ್ಧಿ ಹೇಳುವುದರಲ್ಲಿ ಅವನದು ಎತ್ತಿದ ಕೈ. ಪಡಸಾಲೆಯ ಮಗ್ಗ ಬಿಚ್ಚಿ, ಕಾಲಿಳಿಬಿಡುವ ಗುಂಡಿಗೆ ಮಣ್ಣು ತುಂಬಿಬಿಟ್ಟರೆ ಯಾರೂ ತುಟಿ ಪಿಟಕ್ ಅನ್ನುವುದಿಲ್ಲ ಎಂದ. ಬೋರಕ್ಕ ಒಪ್ಪಿದಳು. ಗಂಡ ಹೊನ್ನೂರಸ್ವಾಮಿ ತೀರಿಕೊಂಡಾಗಿನಿಂದ ಮಗ್ಗದ ಸದ್ದಿರಲಿಲ್ಲ. ಪಿಂಚಣಿಯಲ್ಲಿ ಬದುಕು ಸಾಗಬೇಕಿತ್ತು.

ಚಿಕ್ಕೀರಪ್ಪ ಮಣ್ಣು ಅಗೆಯಲು ಹಿತ್ತಲಿಗೆ ಹೋದ. ಮಗ್ಗ ಬಿಚ್ಚುವ ಮೊದಲು ಎಳೆ ಕತ್ತರಿಸಲೆಂದು ಬೋರಕ್ಕ ಕತ್ತರಿ ಹಿಡಿದು ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಳು. ಮಗ್ಗದ ಮೇಲೆ ಹಳೇ ಹಾಸಿನ, ಅಂದರೆ ಉದ್ದನೂಲಿನ, ಗೇಣುದ್ದದ ಎಳೆಗಳು ಹಾಗೇ ಇದ್ದವು. ಸೀರೆ ಕೊಯ್ದ ಮೇಲೂ ನೇಕಾರರು ಮಗ್ಗವನ್ನು ಬರಿದು ಮಾಡುವುದಿಲ್ಲ. ಹೊಸ ಹಾಸನ್ನು ಆ ಹಳೇ ಎಳೆಗಳಿಗೇ ಒಂದೊಂದಾಗಿ ಹೊಸೆದು ಕೂಡಿಸಿ ಕೆಚ್ಚುತ್ತಾರೆ. ಅದನ್ನು ಅವಳಿಗೆ ಕಲಿಸಿದವನು ಹೊನ್ನೂರಸ್ವಾಮಿ. ಬೆರಳಿಗೆ ಒಲೆಯ ಬೂದಿ ಹಚ್ಚಿಕೊಂಡು ಹೊಸೆಯಬೇಕು. ಎಳೆ ತಪ್ಪಿದರೆ ಆ ಮಹಾರಾಯ ಬೈಯುತ್ತಿರಲಿಲ್ಲ, ಹೊಸ ಹೆಂಡತಿಯ ಮೂಗಿನ ತುದಿಗೆ ಬೂದಿಯ ಬೊಟ್ಟಿಡುತ್ತಿದ್ದ. ಅದನ್ನು ಮರೆತು ಅವಳು ನೀರಿಗೆ ಹೋಗಿ, ಬೀದಿಯವರೆಲ್ಲ ನಕ್ಕಿದ್ದರು. ಎಂಥ ಚೆಂದದ ದಿನಗಳವು. ಕಾಲಡಿಯ ತುಳಿಹಲಗೆ ಅವನ ಪಾದಕ್ಕೆ ಸವೆದು ನುಣುಪಾಗಿತ್ತು. ಬೋರಕ್ಕನ ಕತ್ತರಿ ಆಡಲಿಲ್ಲ.

ಅಷ್ಟರಲ್ಲಿ ಪಟ್ಟಣ ಪಂಚಾಯ್ತಿಯ ಓಬಳೇಶ್ ಮನೆ ನೋಡಲು ಬಂದೇಬಿಟ್ಟ. ಚಿಕ್ಕೀರಪ್ಪ ಮಣ್ಣಿನ ಬುಟ್ಟಿ ಹೊತ್ತು ಬಾಗಿಲಲ್ಲೇ ಕಲ್ಲಾಗಿ ನಿಂತ. ಆದರೆ ಓಬಳೇಶ್ ಒಳ್ಳೆಯ ಆಸಾಮಿ. ಮಗ್ಗ ಇದ್ದರೆ ಇರಲಿ, ಅದು ನಡೆಯುತ್ತಿಲ್ಲ ಎಂದು ಬಾಯಲ್ಲಿ ಹೇಳಿದರೆ ಸಾಕು, ಅರ್ಧ ಬರೆದುಕೊಳ್ಳುತ್ತೇನೆ ಎಂದ.

"ಮಗ್ಗ ನಿಂತೋಗೈತೆ, ಅಲ್ವೇನಜ್ಜಿ?"

ಹೂಂ ಅನ್ನು ಎಂದು ಚಿಕ್ಕೀರಪ್ಪ ಹಿಂದಿನಿಂದ ಕಣ್ಸನ್ನೆ ಮಾಡಿದ. ಆ ಒಂದು ಮಾತು ಬೋರಕ್ಕನ ಬಾಯಿಗೆ ಬರಲೊಲ್ಲದು. ಅಂದುಬಿಟ್ಟರೆ ಗಂಡ ಇನ್ನೊಂದು ಸಲ ಸತ್ತಂತೆ ಅನ್ನಿಸಿತು.

"ಇಲ್ಲಪ್ಪ, ನಡೀತೈತೆ. ಪೂರ್ತಿ ಕಂದಾಯಾನೇ ಬರ್ಕೊ."

ಓಬಳೇಶ್ ತಲೆ ಕೆರೆದುಕೊಂಡು ಹೋದ. ಅಕ್ಕನಿಗೆ ಅರಳುಮರಳು ಎಂದು ಗೊಣಗುತ್ತ ಚಿಕ್ಕೀರಪ್ಪ ಬುಟ್ಟಿ ಕುಕ್ಕಿದ.

"ಆಡಿದ ಮಾತು ಸುಳ್ಳಾಗಬಾರ್ದು ಕಣೋ. ನಾಳೆ ನೂಲು ಕೊಡೋ ಸಾವ್ಕಾರ್ರ ತಾವ ಹೊಸ ಹಾಸು ಕೇಳ್ತೀನಿ. ಆ ಮಣ್ಣು ಹಿತ್ತಲಿಗೆ ಸುರಿದು, ಒಲೇಲಿ ಬೂದಿ ತಗಂಬಾ."

ಬೂದಿ ಬಂತು. ಕೈ ಮರೆತಿದೆಯೇನೋ ಎಂದು ಅವಳು ಎರಡು ಹಳೇ ಎಳೆ ಹೊಸೆದು ನೋಡಿದಳು. ಎಳೆ ಜಾರಿ ತಪ್ಪಿತು. ಬೋರಕ್ಕ ಒಬ್ಬಳೇ ನಕ್ಕು, ತನ್ನ ಮೂಗಿನ ತುದಿಗೆ ತಾನೇ ಬೂದಿಯ ಬೊಟ್ಟಿಟ್ಟುಕೊಂಡಳು.